ಗಂಡನ ಹೆಸರು ಹೇಳಿದ್ದಕ್ಕೆ ತಡೆದ ಸನದು

"ಒಂದು ಮಾಫಿ ಚೀಟಿ ಬರದು ಕೊಟ್ಟುಬಿಡು. ನಾವು ಸಹಿ ಹಾಕ್ತೀವಿ, ನಿನ್ನ ಸನದು ಬರ್ತದ, ಮುಗೀತು," ಅಂದರು ಹಿರಿಯ ವಕೀಲರು.

ಬಳ್ಳಾರಿ ವಕೀಲರ ಸಭೆ ಸೇರುತ್ತಿದ್ದ ಮಾಳಿಗೆ ಕೋಣೆ ಅದು. ಕಿಟಕಿಯಲ್ಲಿ ಕೋಟೆ ಗುಡ್ಡ ಕಾಣುತ್ತಿತ್ತು. ವಕೀಲರೆಲ್ಲ ಜಮಖಾನದ ಮೇಲೆ ದಿಂಬಿಗೆ ಒರಗಿ ಕುಂತಿದ್ದರು. ನಾನು ಬಾಗಿಲ ಹತ್ತಿರ ಕುಂತಿದ್ದೆ. ಅಲ್ಲೇ ಕುಂದ್ರು ಅಂತ ಯಾರೂ ಹೇಳಿರಲಿಲ್ಲ. ಕುರುಗೋಡಿನ ಗಾಣಿಗರ ಮಗ ಎಲ್ಲಿ ಕೂಡಬೇಕು ಅನ್ನೋದು ಆ ಕೋಣೆಯಲ್ಲಿ ಹೇಳದೆಯೇ ತಿಳಿಯುತ್ತಿತ್ತು.

"ಯಾತಕ್ಕ ಮಾಫಿ ಕೇಳಬೇಕ್ರಿ?" ಅಂದೆ.

"ಸಿರುಗುಪ್ಪದಾಗ ನೀನು ಸನದಿಲ್ಲದ ವಕೀಲಿ ಮಾಡೀದಿ ಅಂತ ದೂರು ಬಂದದ."

"ಯಾರ ದೂರು?"

"ಬಂದದ ಅಂದ್ನಲ್ಲ. ಅಷ್ಟು ಸಾಕು."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕಾಲಕ್ಕೆ ವಕೀಲನಾಗೋದು ಅಂದರೆ ಸುಮ್ಮನೆ ಅಲ್ಲ. ಮೊದಲು ರೈಲು ಹತ್ತಿ ಮದ್ರಾಸಿಗೆ ಹೋಗಿ ಪ್ಲೀಡರಿ ಪರೀಕ್ಷೆ ಬರೆಯಬೇಕು. ಪಾಸಾದ ಮೇಲೆ ಈತನ ನಡತೆ ಚಲೋ ಇದೆ ಅಂತ ಊರಿನ ಇಬ್ಬರು ವಕೀಲರು ಸಹಿ ಹಾಕಬೇಕು, ಅವರ ಸಭೆ ಅಡ್ಡಿ ಇಲ್ಲ ಅನ್ನಬೇಕು, ಜಿಲ್ಲಾ ಜಡ್ಜಿ ದೊರೆ ಶಿಫಾರಸು ಮಾಡಬೇಕು. ಅಷ್ಟಾದ ಮೇಲೆ ಹೈಕೋರ್ಟಿನಿಂದ ಸನದು ಬರುತ್ತಿತ್ತು. ಸನದು ಅಂದರೆ ಇನ್ನೊಬ್ಬರ ಪರವಾಗಿ ಕೋರ್ಟಿನಲ್ಲಿ ಬಾಯಿ ಬಿಡೋದಕ್ಕೆ ಪರವಾನಗಿ. ಮೊದಲ ಸಲ ನಾನು ಫೇಲಾದೆ. ಮತ್ತೆ ಓದಿದೆ, ಗಾಣದ ಎತ್ತಿನ ಹಿಂದೆ ತಿರುಗುತ್ತಾ ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿದೆ, ಪಾಸಾದೆ. ಮದ್ರಾಸಿನವರು ಒಪ್ಪಿದ್ದನ್ನು ಬಳ್ಳಾರಿಯ ಈ ಜಮಖಾನ ಒಪ್ಪಲಿಲ್ಲ.

ಹಿರಿಯ ವಕೀಲರ ಮೇಲೆ ನನಗೆ ಬರೀ ಸಿಟ್ಟಿದ್ದಿದ್ದರೆ ಕೆಲಸ ಸುಲಭವಿತ್ತು. ಅವರ ಮನೆ ಜಗಲಿಯ ಮೇಲೆ ಗುಮಾಸ್ತಿಕೆ ಮಾಡಿಯೇ ನಾನು ಈ ದಾರಿಗೆ ಬಂದದ್ದು. ಕಾನೂನಿನ ಪುಸ್ತಕ ಮೊದಲು ನನ್ನ ಕೈಗೆ ಕೊಟ್ಟವರೂ ಅವರೇ. ಆ ಉಪಕಾರ ನಾನು ಇವತ್ತಿಗೂ ಮರೆತಿಲ್ಲ. ಆದರೆ ಪುಸ್ತಕ ಕೊಟ್ಟವರು ನಾಲಿಗೆ ಕೇಳಿದರೆ ಕೊಡೋಕಾಗತದೇನ್ರಿ?

ಸಿರುಗುಪ್ಪದಲ್ಲಿ ನಡೆದದ್ದು ಇಷ್ಟು. ಪರೀಕ್ಷೆಯ ಫಲ ಬರುವವರೆಗೆ ಹೊಟ್ಟೆಪಾಡು ನಡೆಯಬೇಕಲ್ಲ, ಅಲ್ಲಿಯ ಡೆಪ್ಯುಟಿ ತಹಶೀಲ್ದಾರರ ಕಚೇರಿ ಮುಂದೆ ಅರ್ಜಿ ಬರೆದುಕೊಡುತ್ತಾ ಕುಂತಿದ್ದೆ. ಅರ್ಜಿ ಬರೆಯೋದಕ್ಕೆ ಸನದು ಬೇಕಿರಲಿಲ್ಲ, ಅರ್ಜಿದಾರನ ಪರ ಎದ್ದು ಮಾತಾಡೋದಕ್ಕೆ ಬೇಕಿತ್ತು. ಅಲ್ಲಿಗೆ ಕೆಂಚನಗುಡ್ಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿಕೊಂಡಿದ್ದ. ಹೊಳೆ ಕಾಲುವೆಯ ಕೆಳಗೆ ಅವನ ಗದ್ದೆ, ಆ ಗದ್ದೆಗೆ ಕಾಲುವೆ ನೀರಿನ ಸರತಿ. ಗಂಡ ಸತ್ತದ್ದೇ ತಡ, ಊರಿನ ಗೌಡ ಕಾಲುವೆ ನೀರು ಹಂಚುವ ನೀರುಗಂಟಿಗೆ ಹೇಳಿ ಆಕೆಯ ಗದ್ದೆಗೆ ನೀರು ಹಾಯುವ ಮಡೆ ಮುಚ್ಚಿಸಿದ. ಕೇಳಿದರೆ, ಈಕಿ ಲಗ್ನದ ಹೆಂಡತಿಯೇ ಅಲ್ಲ, ಇಟ್ಟುಕೊಂಡಾಕಿ, ಇಕೀಗೆ ಎಲ್ಲಿಯ ನೀರು ಅಂದ. ನೀರು ಹೋದರೆ ಪೈರು ಹೋಗುತ್ತದೆ. ಲಗ್ನದ ಹೆಂಡತಿ ಅಲ್ಲ ಅಂತ ಒಮ್ಮೆ ಸರ್ಕಾರಿ ಕಾಗದದಲ್ಲಿ ಬಿದ್ದರೆ ಗದ್ದೆಯೂ ಹೋಗುತ್ತದೆ. ಗೌಡನಿಗೆ ಬೇಕಾಗಿದ್ದದ್ದು ಗದ್ದೆ. ಪಟ್ಟಾದಲ್ಲಿದ್ದ ಗಂಡನ ಹೆಸರು ನೋಡಿಕೊಂಡು ಆಕೆಯ ಅರ್ಜಿ ನಾನೇ ಬರೆದುಕೊಟ್ಟೆ.

ವಿಚಾರಣೆಯ ದಿನ ಡೆಪ್ಯುಟಿ ತಹಶೀಲ್ದಾರರು ಆಕೆಯ ಹೆಸರು ಕೇಳಿದರು, ಹೇಳಿದಳು. ಊರು ಕೇಳಿದರು, ಹೇಳಿದಳು. ಆಮೇಲೆ ತೆಲುಗಿನಲ್ಲಿ "ನೀ ಮೊಗುಡಿ ಪೇರೇಮಿ?" ಅಂದರು. ತೆಲುಗು ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ, ಆಕೆಗೂ ತಿಳಿಯಿತು. ಗಂಡನ ಹೆಸರು ಕೇಳಿದರು ಅಂತ ತಿಳಿದದ್ದಕ್ಕೇ ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಾ ನಿಂತಳು.

ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರು ಹೇಳೋದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆ ಆಗುತ್ತದೆ ಅನ್ನುತ್ತಾರೆ. ಗಂಡ ಸತ್ತ ಮೇಲೂ ಆ ಹೆಸರು ಬಾಯಿಗೆ ಬರೋದಿಲ್ಲ. ಕಚೇರಿಯಲ್ಲಿ ಹೀಗಾದಾಗ ಬಾಜು ನಿಂತ ಯಾರಾದರೂ ಹೆಸರು ಹೇಳಿಬಿಡುತ್ತಾರೆ, ಗುಮಾಸ್ತ ಬರೆದುಕೊಳ್ಳುತ್ತಾನೆ, ಮುಂದಿನ ಮಾತು. ದಿನಾ ನಡೆಯೋದು ಹೀಗೇ. ಅವತ್ತು ಬಾಜು ನಿಂತವರೆಲ್ಲ ಕೆಂಚನಗುಡ್ಡದವರೇ, ಆಕೆಯ ಗಂಡನ ಜೋಡಿ ಆಡಿ ಬೆಳೆದವರೇ. ಗೌಡನ ಕಣ್ಣಿಗೆ ಹೆದರಿ ಒಬ್ಬನೂ ಬಾಯಿ ಬಿಡಲಿಲ್ಲ.

"ಲಗ್ನ ಆಗಿದ್ರ ಗಂಡನ ಹೆಸರು ಗೊತ್ತಿರತಿತ್ರೀ ಸ್ವಾಮಿ," ಅಂದ ಗೌಡ. ಹಿಂದಿದ್ದವರು ಕಿಸಕ್ಕನೆ ನಕ್ಕರು.

ಡೆಪ್ಯುಟಿ ತಹಶೀಲ್ದಾರರು ಬೇಸರದಿಂದ, "ಇದು ಸರ್ಕಾರಿ ಕಚೇರಿ, ನಿಮ್ಮ ಅಡಿಗಿ ಮನಿ ಅಲ್ಲಮ್ಮಾ. ಹೇಳದಿದ್ರ ಉತ್ತರ ಕೊಡಲಿಲ್ಲ ಅಂತ ಬರಕೋತೀನಿ," ಅಂದರು. ಗುಮಾಸ್ತ ಲೇಖನಿ ಅದ್ದಿದ. ಆಕೆಯ ಕಣ್ಣಿಂದ ನೀರು ಇಳಿಯಿತೇ ಹೊರತು ಮಾತು ಹೊರಡಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಲಾಗಲಿಲ್ಲ. ಒಳಗೆ ಹೋಗಿ ಅವನ ಹೆಸರು ಹೇಳಿದೆ, ಅವನ ಅಪ್ಪನ ಹೆಸರು ಹೇಳಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಈಕೆ ಸೋಮವಾರದ ಸರತಿಯವಳು, ಗಂಡ ಇದ್ದಾಗ ಗಂಡನ ಜೊತೆ ಈಕೆಯೇ ಮಡೆ ತಿರುಗಿಸುತ್ತಿದ್ದಳು, ಬೇಕಾದರೆ ನೀರುಗಂಟಿಯನ್ನು ಆಣೆ ಮಾಡಿಸಿ ಕೇಳಿ ಅಂತಲೂ ಅಂದೆ. ನೀರುಗಂಟಿಯನ್ನು ಕರೆದು ಕೇಳಿದರು. ಅವನು ಗೌಡನ ಮುಖ ನೋಡಿದ, ಆಕೆಯ ಮುಖ ನೋಡಿದ, ಹೌದ್ರೀ ಅಂದ. ನೀರಿನ ಸರತಿ ಆಕೆಗೇ ಅಂತ ಹುಕುಂ ಆಯಿತು. ಹೊರಗೆ ಬಂದಾಗ ಆಕೆ ನನಗೆ ಕೈ ಮುಗಿಯಲಿಲ್ಲ. ಗದ್ದೆಗೆ ನೀರು ಬಿಡೋ ಹೊತ್ತಾಗಿತ್ತು, ಓಡಿದಳು.

ಇದು ನಾನು ಮಾಡಿದ ಕಳ್ಳ ವಕೀಲಿ.

ಮಾಫಿ ಚೀಟಿಯಲ್ಲಿ ಏನು ಬರೆಯಬೇಕು ಅಂತ ಹಿರಿಯ ವಕೀಲರೇ ಹೇಳಿಕೊಟ್ಟರು: ಸನದಿಲ್ಲದೆ ಆಕೆಯ ಪರ ವಕೀಲಿ ಮಾಡಿದ್ದು ತಪ್ಪಾಯಿತು. ಅವರ ಜಗಲಿಯ ಮೇಲೆ ಅಷ್ಟು ವರ್ಷ ಕುಂತವನಿಗೆ ಆ ಮಾತಿನ ಹಿಂದೇನಿದೆ ಅಂತ ತಿಳಿಯದೇ ಇರುತ್ತದೆಯೇ? ನಾನು ಹಾಗೆ ಬರೆದುಕೊಟ್ಟ ಮರುದಿನವೇ ಗೌಡ ಕಲೆಕ್ಟರರ ಹತ್ತಿರ ಹೋಗುತ್ತಾನೆ. ಸನದಿಲ್ಲದವನು ವಾದ ಮಾಡಿದ ವಿಚಾರಣೆ, ಅದರ ಹುಕುಂ ರದ್ದು ಮಾಡಿ ಅನ್ನುತ್ತಾನೆ. ಮಡೆ ಮತ್ತೆ ಮುಚ್ಚುತ್ತದೆ. ಆ ಗೌಡನ ವಕೀಲರು ಯಾರು? ಇವರೇ, ನನ್ನ ಹಿರಿಯರು.

"ಆಗೋದಿಲ್ರಿ," ಅಂದೆ.

"ಹುಚ್ಚಪ್ಪಾ, ಒಂದು ಗದ್ದಿ ನೀರಿನ ಸಲುವಾಗಿ ಜೀವಮಾನದ ಅನ್ನ ಕಳಕೋತೀಯಾ? ನಾ ನಿನ್ನ ಒಳ್ಳೇದಕ್ಕ ಹೇಳ್ಲಿಕ್ಕತ್ತೀನಿ."

"ನನ್ನ ಅನ್ನ ಹೋದ್ರ ಗಾಣ ಐತ್ರಿ. ಆಕಿ ಅನ್ನ ಹೋದ್ರ ಏನೈತಿ?"

ದಿಂಬಿಗೆ ಒರಗಿದ್ದ ಒಬ್ಬರು, "ಹಾಂಗಾದ್ರ ಗಾಣ ತಿರುಗಿಸು ಹೋಗು," ಅಂದರು. ನಾನು ಎದ್ದು ಮೆಟ್ಟಿಲಿಳಿದೆ. ಸಭೆಯ ಆಕ್ಷೇಪಣೆ ಜಡ್ಜಿ ದೊರೆಯ ಹತ್ತಿರ ಹೋಯಿತು. ವಿಚಾರಣೆಗೆ ತಾರೀಕು ಬಿತ್ತು.

ಕುರುಗೋಡಿಗೆ ಹೋದೆ. ಅವ್ವ ಕೇಳಿ ಎದೆ ಎದೆ ಬಡಿದುಕೊಂಡಳು. "ಒಂದು ಚೀಟಿ ಬರದ್ರ ನಿನ್ನ ಕೈ ಸವೀತೈತೇನೋ? ಮದ್ರಾಸಿಗೆ ಹೋಗಿ ಬಂದು ಊರಿಗೆಲ್ಲ ವಕೀಲ ಅನ್ನಿಸ್ಕೊಂಡಿ. ಈಗ ಮಂದಿ ನನ್ನ ಮುಖದ ಮ್ಯಾಲೆ ನಗ್ತಾರ." ಆಕೆಯ ದುಃಖ ಸುಳ್ಳಲ್ಲ. ನನಗೂ ಒಳಗೊಳಗೆ ಅಳುಕಿತ್ತು. ದೊಡ್ಡ ಮಾತಾಡಿ ಬಂದಿದ್ದೆ, ಆದರೆ ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಹೊಳೆದಿರಲಿಲ್ಲ. ಕಾನೂನಿನ ಪುಸ್ತಕ ತಿರುವಿ ತಿರುವಿ ಹಾಕಿದೆ. ವಾದ ಅಂದರೇನು, ಬರೀ ಹೇಳೋದು ಅಂದರೇನು, ಎಲ್ಲಿಗೆ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಅಂದಳು: "ನೀವು ಊರಾಗ ಇಲ್ಲದಾಗ ಶಾನುಭೋಗರು ಬಂದಿದ್ರು. ಮನಿ ಯಜಮಾನನ ಹೆಸರೇನಂತ ಕೇಳಿದ್ರು."

"ನೀ ಏನಂದಿ?"

"ನಾ ಏನನ್ಲಿ? ಬಾಜು ಮನಿ ಅತ್ತಿ ಗ್ವಾಡಿ ಮ್ಯಾಲಿಂದ ಇಣುಕಿ ಹೇಳಿದ್ಲು. ನಿಮ್ಮ ಹೆಸರಷ್ಟ ಅಲ್ಲ, ನಿಮ್ಮಪ್ಪನ ಹೆಸರು, ನಿಮ್ಮ ಗಾಣ, ನಿಮ್ಮ ಎಮ್ಮಿ ಎಲ್ಲಾ ಹೇಳಿ ಕಳಿಸಿದ್ಲು." ರೊಟ್ಟಿ ತಿರುವಿ ಹಾಕಿ ನನ್ನ ಕಡೆ ನೋಡಿದಳು. "ಅಕೀಗೂ ಸನದು ಬೇಕಾಗತೈತೇನ್ರಿ?"

ಎಲಾ ಇವಳ! ಮದ್ರಾಸಿನ ಪುಸ್ತಕದಲ್ಲಿ ಸಿಗದೇ ಇದ್ದದ್ದು ಒಲೆ ಮುಂದೆ ಸಿಕ್ಕಿತು. ನನಗೆ ನಗು ತಡೆಯಲಿಲ್ಲ. ಅವ್ವ ಮಾತ್ರ ನನಗೆ ಹುಚ್ಚು ಹಿಡಿಯಿತು ಅಂತ ಇನ್ನಷ್ಟು ಅತ್ತಳು.

ಬಳ್ಳಾರಿಗೆ ಬಂದವನೇ ಜಡ್ಜಿ ಕೋರ್ಟಿನ ಶಿರಸ್ತೇದಾರರಿಗೆ ಅರ್ಜಿ ಕೊಟ್ಟೆ. ನನ್ನ ಸಾಕ್ಷಿಗಳು ಇಬ್ಬರು, ಸಮನ್ಸು ಕಳಿಸಬೇಕು ಅಂತ. ಒಬ್ಬಳು ಕೆಂಚನಗುಡ್ಡದ ಹೆಣ್ಣುಮಗಳು. ಇನ್ನೊಬ್ಬರ ಹೆಸರು ಓದಿ ಶಿರಸ್ತೇದಾರರು ಕನ್ನಡಕ ತೆಗೆದಿಟ್ಟರು.

"ಏನೋ ಇದು? ಆಕ್ಷೇಪಣಿ ಹಾಕಿದ ವಕೀಲರನ್ನೇ ನಿನ್ನ ಸಾಕ್ಷಿಗೆ ಕರೀತೀಯಾ?"

"ಹೌದ್ರಿ."

"ವಕೀಲರನ್ನ ಕಟಕಟಿ ಹತ್ತಿಸಿದ್ದು ಈ ಕೋರ್ಟಿನ್ಯಾಗ ನಾ ಕಂಡಿಲ್ಲ."

"ಹತ್ತಿಸಬಾರದು ಅಂತ ಎಲ್ಲೆರ ಬರದೈತೇನ್ರಿ?"

ಬರೆದಿರಲಿಲ್ಲ. ಅವರು ಗೊಣಗುತ್ತಾ ಮುದ್ರೆ ಒತ್ತಿದರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಜಟಕಾ ಹೊಡೆಯುವ ಸಾಬರು ಕೂಡ, "ಏನ್ ವಕೀಲ್ ಸಾಬ್, ನಿಮ್ಮ ಉಸ್ತಾದ್‌ಗೇ ಸಮನ್ಸಾ?" ಅಂತ ಕೇಳಿದರು. ಹಿರಿಯ ವಕೀಲರ ಮನೆಯಿಂದ ಗುಮಾಸ್ತ ಬಂದ. ಸಮನ್ಸು ಹಿಂದಕ್ಕೆ ತಗೋ, ಚೀಟಿಯ ಮಾತು ಮೆತ್ತಗೆ ಮಾಡಿ ಬರೆಸೋಣ ಅಂದ. ಮೆತ್ತಗೆ ಬರೆದರೂ ಮಡೆ ಗಟ್ಟಿಯಾಗಿಯೇ ಮುಚ್ಚುತ್ತದೆ ಅಂತ ಹೇಳಿ ಕಳಿಸಿದೆ.

ವಿಚಾರಣೆಯ ದಿನ ಕೋರ್ಟಿನ ವರಾಂಡದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕಿಟಕಿಯ ಹೊರಗೆ ಆ ಹೆಣ್ಣುಮಗಳು ಸರಳು ಹಿಡಿದು ನಿಂತಿದ್ದಳು. ಹಿರಿಯ ವಕೀಲರು ಜರಿ ರುಮಾಲು, ಉದ್ದ ಕೋಟು, ಕಾಲಲ್ಲಿ ಮಿರಮಿರ ಮಿಂಚುವ ಬೂಟಿನಲ್ಲಿ ಬಂದರು. ವಕೀಲರು ಬೂಟು ಹಾಕಿಕೊಂಡೇ ಒಳಗೆ ಬರಬಹುದಿತ್ತು. ಸಾಕ್ಷಿಗಳು ಮಾತ್ರ ದೇವರ ಮೇಲೆ ಪ್ರಮಾಣ ಮಾಡುವಾಗ ಬರಿಗಾಲಲ್ಲಿ ನಿಲ್ಲಬೇಕು, ಅದು ಆ ಕೋರ್ಟಿನ ರೂಢಿ. ಅವರು ಕಟಕಟೆಯ ಹತ್ತಿರ ಬಂದಾಗ ಅಮೀನ ಕೈ ಮುಗಿದು ಬೂಟಿನ ಕಡೆ ನೋಡಿದ. ಅವರು ಶಿರಸ್ತೇದಾರರನ್ನು ನೋಡಿದರು. ಶಿರಸ್ತೇದಾರರು ಸೂರು ನೋಡಿದರು. ಕೊನೆಗೆ ಬೆಂಚಿನ ಮೇಲೆ ಕುಂತು ಬೂಟಿನ ದಾರ ಬಿಚ್ಚಬೇಕಾಯಿತು. ದಾರ ಗಂಟು ಬಿದ್ದಿತ್ತು. ಕೋರ್ಟೆಲ್ಲ ಕಾಯಿತು. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಗಲಿಲ್ಲ. ಆದರೂ ಹಿಂದೆ ಸರಿಯುವ ಮನಸ್ಸು ಬರಲಿಲ್ಲ.

ಪ್ರಮಾಣ ಆಯಿತು. ನಾನು ಕೇಳಿದೆ: "ಸಿರುಗುಪ್ಪದ ಕಚೇರಿಯಾಗ ನಡೆದದ್ದನ್ನ ತಾವು ಕಣ್ಣಾರೆ ನೋಡೀರೇನ್ರಿ?"

"ಇಲ್ಲ."

"ಹಾಂಗಾದ್ರ ತಮಗ ಹೇಳಿದವರು ಯಾರ್ರಿ?"

"ನನ್ನ ಕಕ್ಷಿದಾರರು. ಕೆಂಚನಗುಡ್ಡದ ಗೌಡರು."

ಶಿರಸ್ತೇದಾರರು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ದೊರೆ ತಲೆಯೆತ್ತಿ ಒಮ್ಮೆ ನೋಡಿ ಬರೆದುಕೊಂಡರು.

"ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ತಮ್ಮ ಮನಿಯವರು ತಮ್ಮ ಹೆಸರು ಹಿಡದು ಕರೀತಾರೇನ್ರಿ?"

ಅಬ್ಬಬ್ಬಾ, ಆ ಗದ್ದಲ! ವಕೀಲರೆಲ್ಲ ಎದ್ದು ನಿಂತರು. ಮನೆ ಹೆಣ್ಣುಮಕ್ಕಳ ಮಾತು ಕೋರ್ಟಿಗೆ ತಂದ, ಇವನಿಗೆ ಸನದಲ್ಲ ಚಾಟಿ ಏಟು ಕೊಡಬೇಕು ಅಂತ ಕೂಗಿದರು. ದೊರೆ ಮೇಜು ಕುಟ್ಟಿ ನನ್ನ ಮೇಲೆ ರೇಗಿದರು, ಇದಕ್ಕೂ ನಿನ್ನ ಸನದಿಗೂ ಏನು ಸಂಬಂಧ ಅಂದರು.

"ನನ್ನ ಸನದು ನಿಂತಿರೋದೇ ಇದರ ಮ್ಯಾಲೆ ಸ್ವಾಮಿ. ಉತ್ತರ ಕೊಡಿಸ್ರಿ."

ದೊರೆಗೆ ವಿಚಿತ್ರ ಅನ್ನಿಸಿರಬೇಕು. ಕೊಡಲಿ ಅಂದರು.

"ಕರಿಯೋದಿಲ್ಲ," ಅಂದರು ಹಿರಿಯರು, ಹಲ್ಲು ಕಚ್ಚಿ.

"ಸರ್ಕಾರಿ ಮನುಷ್ಯ ಬಂದು ಮನಿ ಯಜಮಾನನ ಹೆಸರೇನು ಅಂದ್ರ?"

"ಮಕ್ಕಳು ಹೇಳ್ತಾರ. ಇಲ್ಲಾ, ಹತ್ರ ಇದ್ದವರು ಯಾರೋ ಹೇಳ್ತಾರ."

"ಹಾಂಗ ಹೇಳಿದವರು ತಮ್ಮ ಮನಿಯವರ ಪರ ವಕೀಲಿ ಮಾಡಿದ್ಹಾಂಗ ಆತೇನ್ರಿ? ಅವರನ್ನ ಸನದು ಕೇಳೀರೇನ್ರಿ?"

ದೊರೆ ಶಿರಸ್ತೇದಾರರ ಕಡೆ ಬಾಗಿ ಏನೋ ಕೇಳಿದರು. ನಿಮ್ಮ ಮನೆಯಲ್ಲೂ ಹೀಗೆಯೇ ಅಂತ ಇರಬೇಕು. ಆ ಮುದುಕರು ಮದುಮಗನ ಹಾಗೆ ನಾಚಿಕೊಂಡು ತಲೆಯಾಡಿಸಿದರು. ವರಾಂಡದಲ್ಲಿ ನಗು ಎದ್ದಿತು. ನಾನು ನಗಲಿಲ್ಲ. "ಹೆಂಡತಿ ಬಾಯಿಗೆ ಬಾರದ ಹೆಸರನ್ನ ಇನ್ನೊಬ್ಬರು ಹೇಳೋದು ಅಪರಾಧ ಅಂದ್ರ, ಬಳ್ಳಾರಿ ಜಿಲ್ಲಾದಾಗಿನ ಅತ್ತಿ ನಾದಿನಿ ಎಲ್ಲಾರೂ ಮದ್ರಾಸಿಗೆ ಹೋಗಿ ಪರೀಕ್ಷಾ ಬರೀಬೇಕಾಗತೈತಿ ಸ್ವಾಮಿ," ಅಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಗೆದ್ದಂತೆಯೇ ಇತ್ತು. ದೊರೆ ಅಷ್ಟು ಸುಲಭದ ಆಸಾಮಿ ಅಲ್ಲ. ನೀನು ಹೇಳಿದ್ದು ಹೆಸರಷ್ಟೇ ಏನು ಅಂತ ನೇರವಾಗಿ ಕೇಳಿದರು.

"ಅಲ್ರಿ. ನೀರಿನ ಸರತಿ ಮಾತೂ ಹೇಳಿದೆ. ಆಕಿ ಅರ್ಜಿಯೊಳಗ ಇದ್ದದ್ದನ್ನೇ ಹೇಳಿದೆ. ಹೆಚ್ಚಿಗಿ ಒಂದು ಮಾತೂ ಸೇರಿಸಲಿಲ್ಲ."

"ಮತ್ತೊಮ್ಮೆ ಹಾಂಗೇ ಆದ್ರ ಮತ್ತ ಎದ್ದು ಹೇಳ್ತೀಯೇನು ಅಂತ ದೊರೆಗಳು ಕೇಳ್ತಾರ," ಅಂದರು ಶಿರಸ್ತೇದಾರರು. ಅನ್ನುತ್ತಾ ದೊರೆಗೆ ಕಾಣದ ಹಾಗೆ ಕಣ್ಣು ಸನ್ನೆ ಮಾಡಿದರು, ಇಲ್ಲ ಅನ್ನು ಮಾರಾಯಾ ಅಂತ. ಅವರ ಮನಸ್ಸು ಒಳ್ಳೆಯದೇ. ಇಲ್ಲ ಅಂದಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ನಾನು ಕಿಟಕಿ ಕಡೆ ನೋಡಿದೆ. ಆ ಹೆಣ್ಣುಮಗಳು ನನ್ನನ್ನು ನೋಡುತ್ತಿರಲಿಲ್ಲ, ಕಟಕಟೆಯನ್ನೇ ನೋಡುತ್ತಿದ್ದಳು.

"ಹೇಳ್ತೀನ್ರಿ. ಸನದು ಕೊಟ್ರೂ ಹೇಳ್ತೀನಿ, ಕೊಡದಿದ್ರೂ ಹೇಳ್ತೀನಿ."

ಇನ್ನು ಆ ಹೆಣ್ಣುಮಗಳ ಸಾಕ್ಷಿ ಬೇಡ ಅಂದರು ದೊರೆ. ಬರೆದು ಮುಗಿಸಿ ಎದ್ದುಹೋದರು. ಏನು ಬರೆದರು ಅಂತ ಯಾರಿಗೂ ಗೊತ್ತಾಗಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಸಿರುಗುಪ್ಪದಲ್ಲಿ ನನ್ನ ಹತ್ತಿರ ಅರ್ಜಿ ಬರೆಸಲು ಬಂದವರನ್ನು ಗೌಡನ ಕಡೆಯವರು ದಾರಿಯಲ್ಲೇ ತಿರುಗಿಸುತ್ತಿದ್ದರು. ಊರಿಗೆ ಬಂದು ಗಾಣ ತಿರುಗಿಸಿದೆ. ಟಪಾಲಿನವನು ಕಂಡರೆ ಗಾಣ ನಿಲ್ಲಿಸುತ್ತಿದ್ದೆ, ಅವನು ಮನೆ ದಾಟಿ ಹೋದರೆ ಸಿಟ್ಟು ಎತ್ತಿನ ಮೇಲೆ ಬರುತ್ತಿತ್ತು. ಅವ್ವ ಮಾತು ಬಿಟ್ಟಿದ್ದಳು. ಹೆಂಡತಿ ಮಾತ್ರ ಎಣ್ಣೆ ಅಳೆಯುತ್ತಾ, "ಏನ್ರೀ ವಕೀಲರ, ಹಿಂಡಿ ಸ್ವಲ್ಪ ಸರಸ್ರಿ," ಅನ್ನುತ್ತಿದ್ದಳು. ಆ ಚೇಷ್ಟೆಯೇ ನನ್ನನ್ನು ಉಳಿಸಿತು.

ಸನದು ಬಂತು, ವಕೀಲರ ಸಹಿ ಇಲ್ಲದಿದ್ದರೂ ದೊರೆ ಶಿಫಾರಸು ಮಾಡಿದ್ದರು. ಜೊತೆಗೆ ಒಂದು ಮಾತೂ ಬಂದಿತ್ತು: ಈತ ಉದ್ಧಟ, ನಡತೆಯ ಮೇಲೆ ಕಣ್ಣಿಡತಕ್ಕದ್ದು. ಇಡಲಿ, ನನಗೇನು!

ಹೊಸ ವಕೀಲ ಮೊದಲ ದಿನ ಕೋರ್ಟಿಗೆ ಬಂದಾಗ ಒಬ್ಬ ಹಿರಿಯರು ಕೈ ಹಿಡಿದು ಕರೆತಂದು ಪೀಠದ ಮೇಲಿನ ಹಾಕಿಮರಿಗೆ ಪರಿಚಯ ಮಾಡಿಕೊಡುವುದು ಬಳ್ಳಾರಿಯ ಪದ್ಧತಿ. ನನ್ನ ಕೈ ಹಿಡಿಯಲು ಯಾರೂ ಬರಲಿಲ್ಲ. ಮುನಸೀಫರ ಕೋರ್ಟಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಜಮಖಾನದ ಗೆಳೆಯರೆಲ್ಲ ಬೆನ್ನು ತಿರುಗಿಸಿ ಕುಂತಿದ್ದರು. ಒಬ್ಬನೇ ಒಳಗೆ ಹೋಗಿ ನಮಸ್ಕಾರ ಮಾಡಿ ಸನದು ಮುಂದಿಟ್ಟೆ. "ಕರಕೊಂಡು ಬಂದವರು ಯಾರಪ್ಪಾ?" ಅಂತ ಮುನಸೀಫರು ಕೇಳಿದರು. "ನಾನೇ ಕರಕೊಂಡು ಬಂದೀನ್ರಿ," ಅಂದೆ.

ನನ್ನ ಮೊದಲ ದಾವೆ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಹುಕುಂ ರದ್ದಾಗುವ ದಾರಿ ಮುಚ್ಚಿದ ಮೇಲೆ ಗೌಡ ಮುನಸೀಫರ ಕೋರ್ಟಿಗೆ ಬಂದಿದ್ದ. ಆಕೆ ಲಗ್ನದ ಹೆಂಡತಿ ಅಲ್ಲ, ಗದ್ದೆ ಆಕೆಯದಲ್ಲ ಅಂತ ದಾವೆ ಹೂಡಿದ್ದ. ಅವನ ಕಡೆ ನನ್ನ ಹಿರಿಯರು, ಆಕೆಯ ಕಡೆ ನಾನು.

ಆಕೆಯನ್ನು ಕರೆದರು. ಚಪ್ಪಲಿ ಹೊರಗೆ ಬಿಟ್ಟು ಕಟಕಟೆ ಹತ್ತಿದಳು. ಗುಮಾಸ್ತ ಹೆಸರು ಕೇಳಿದ, ಹೇಳಿದಳು. ಊರು ಕೇಳಿದ, ಹೇಳಿದಳು.

"ಗಂಡನ ಹೆಸರು?"

ಹಿರಿಯರು ನನ್ನ ಕಡೆ ತಿರುಗಿದರು, ಮುನಸೀಫರೂ ತಿರುಗಿದರು. ಈ ಸಲ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ, ಸನದು ಕೋಟಿನ ಜೇಬಿನಲ್ಲಿತ್ತು. ಎದ್ದು ನಿಂತೆ, ಗಂಟಲು ಸರಿ ಮಾಡಿಕೊಂಡೆ.

"ನೀವು ಕುಂದರ್ರಿ ವಕೀಲರ," ಅಂದಳು ಆಕೆ. ಬಾಯಿ ಮೇಲಿನ ಸೆರಗು ಸರಿಸಿದಳು. "ಆವತ್ತು ಆ ದೊಡ್ಡವರು ಬೂಟು ಬಿಚ್ಚಿ ಇಂಥಾ ಕಟಕಟ್ಯಾಗ ನಿಂತು, ಕೇಳಿದ್ದಕ್ಕೆಲ್ಲ ತಾವೇ ಬಾಯಿ ಬಿಟ್ಟು ಹೇಳಿದ್ದು ನಾನೂ ಕಂಡೀನಿ. ನನ್ನ ಗಂಡನ ಹೆಸರು ನಾನು ಹೇಳ್ತೀನಿ."

ಹಾಕಿಮರ ಕಡೆ ಅಲ್ಲ, ಗೌಡನ ಕಡೆ ತಿರುಗಿ ಹೇಳಿದಳು.

"ಈರಣ್ಣ."

ನಾನು ಕುಂತೆ.